ಹೊಳೆ ಹಿಂದಕ್ಕೆ ತಂದ ಮೊರ

ನಮ್ಮ ಮೊಮ್ಮಗಳಿಗೆ ಅಮೆರಿಕದ ಹೇವರ್ಡಿನ ಈ ಅಪಾರ್ಟ್‌ಮೆಂಟಿನಲ್ಲಿ ಆಟದ ಸಾಮಾನಿಗೆ ಬರವಿಲ್ಲ. ಬ್ಯಾಟರಿ ಹಾಕಿದರೆ ಬಾಲ ಅಲ್ಲಾಡಿಸುವ ನಾಯಿ ಇದೆ, ಮಲಗಿಸಿದರೆ ಕಣ್ಣು ಮುಚ್ಚುವ ಗೊಂಬೆ ಇದೆ. ಅವಳಪ್ಪ ತಂದು ಸುರಿದದ್ದೆಲ್ಲ ಸೇರಿ ಕ್ಲಾಸೆಟ್ಟಿನ ಬಾಗಿಲು ಹಾಕಲು ಬರುವುದಿಲ್ಲ. ಅವಳಿಗೆ ಅದ್ಯಾವುದೂ ಬೇಡ. ಅಡುಗೆಮನೆಯ ಗೋಡೆಗೆ ನಾನು ನೇತುಹಾಕಿರುವ ಬಿದಿರಿನ ಪುಟ್ಟ ಮೊರವೇ ಬೇಕು. ಅದನ್ನು ಕಾರ್ಪೆಟ್ಟಿನ ಮೇಲೆ ಇಳಿಸಿಕೊಂಡು, ಅಳತೆ ಕೊಟ್ಟು ಮಾಡಿಸಿದ ಹಾಗೆ ಅದರೊಳಗೆ ಕೂತು, ಸೌಟು ಹಿಡಿದು ಹುಟ್ಟು ಹಾಕುತ್ತಾಳೆ.

"ಅಜ್ಜೀ, ಬೋಟ್! ಗೆಟ್ ಇನ್!"

"ನಾನು ಹತ್ತಿದರೆ ನಿನ್ನ ಬೋಟು ಮುಳುಗುತ್ತೆ ಕಣೇ."

"ನೋ ಸಿಂಕ್!"

ಹೌದು ನನ್ನವ್ವ, ಅದು ಮುಳುಗುವ ಜಾತಿಯ ಮೊರವಲ್ಲ. ಅದರ ಅಂಚಿನ ಸುತ್ತ ಚಹಾದ ಕರೆಯಂಥ ಒಂದು ಗೆರೆ ಇದೆ, ನೀರು ನಿಂತು ಇಳಿದ ಗೆರೆ. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಧೂಳು ಒರೆಸುವಾಗ ಬೆರಳು ಅದಕ್ಕೆ ತಾಗಿದರೆ ಹಗಲು ಹೊತ್ತಿನಲ್ಲೂ ನನ್ನ ಕೈಮೇಲಿನ ಕೂದಲು ಎದ್ದು ನಿಲ್ಲುತ್ತದೆ.

ಈ ಮಗುವಿನ ಮಾತು ಬಂದರೆ ನನ್ನ ಬಾಯಿಗೆ ತಡೆಯಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಲಾಂಡ್ರಿ ರೂಮಿನಲ್ಲಿ ಬಟ್ಟೆ ತಿರುಗುವಷ್ಟು ಹೊತ್ತು ಪಕ್ಕದಲ್ಲಿ ಯಾರೇ ಕೂತಿರಲಿ, ಸೆರಗಿನ ಗಂಟು ಬಿಚ್ಚಿ ಅವಳ ಫೋಟೋ ತೋರಿಸುತ್ತೇನೆ. ಅವರು ಇಂಗ್ಲಿಷಿನಲ್ಲಿ ಏನೋ ಅನ್ನುತ್ತಾರೆ, ನಾನು ಕನ್ನಡದಲ್ಲಿ ಹೌದೌದು ಅನ್ನುತ್ತೇನೆ. ಒಮ್ಮೆ ಒಬ್ಬ ದಪ್ಪ ಮೀಸೆಯವನು ತಾನೂ ಪರ್ಸ್ ತೆಗೆದು ತನ್ನ ನಾಯಿಯ ಫೋಟೋ ತೋರಿಸಿದ. ಅದಕ್ಕೂ ಹೌದೌದು ಅಂದೆ. ಮನಸ್ಸು ತುಂಬಿದ್ದಾಗ ಯಾರ ನಾಯಿಯಾದರೇನು, ಚೆಂದವಾಗಿಯೇ ಕಾಣುತ್ತದೆ.

ಮೊರದ ಕಥೆಯನ್ನು ಮಾತ್ರ ಲಾಂಡ್ರಿ ರೂಮಿನಲ್ಲಿ ಹೇಳುವುದಿಲ್ಲ. ಅದಕ್ಕೆ ಹರಿಹರ ಗೊತ್ತಿರಬೇಕು, ನಮ್ಮಮ್ಮ ಗೊತ್ತಿರಬೇಕು.

ನಾನು ತುಂಗಭದ್ರೆಯ ದಂಡೆಯವಳು. ನಮ್ಮಮ್ಮ ಬೇರೆ ವಿಷಯದಲ್ಲಿ ಸಡಿಲವಾಗಿದ್ದರೂ ಎರಡು ವಿಷಯದಲ್ಲಿ ಬಲು ಬಿಗಿ. ಒಂದು, ಯಾರ ಮನೆಯಿಂದ ಪಾತ್ರೆ ಬಂದರೂ ಅದನ್ನು ಖಾಲಿ ವಾಪಸು ಕೊಡಬಾರದು. ಪಕ್ಕದ ಮನೆಯವರು ಒಂದು ಬಟ್ಟಲು ಸಾರು ಕೊಟ್ಟರೆ, ಆ ಬಟ್ಟಲು ತೊಳೆದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ನನ್ನ ಕೈಲಿ ಕಳಿಸುತ್ತಿದ್ದಳು. ದಾರಿಯಲ್ಲಿ ಆ ಸಕ್ಕರೆ ನನ್ನ ಬಾಯಿಗೆ ಹೋಗುತ್ತಿತ್ತು. ಬಟ್ಟಲು ಖಾಲಿಯೇ ತಲುಪುತ್ತಿತ್ತು. ಪಕ್ಕದ ಮನೆಯವರು ನಮ್ಮಮ್ಮನನ್ನು ಏನೆಂದುಕೊಂಡರೋ ದೇವರಿಗೇ ಗೊತ್ತು.

ಎರಡನೆಯದು ಹೊಳೆಯದು. ಮನೆಯಲ್ಲಿ ಹೆಣ್ಣುಮಗಳು ಬಸುರಿಯಾಗಿದ್ದರೆ, ಕಾರ್ತಿಕದಲ್ಲಿ ನಮ್ಮ ಕೇರಿಯ ಹೆಂಗಸರು ಮೊರದಲ್ಲಿ ಅರಿಶಿನ ಕುಂಕುಮ, ಹಸಿರು ಬಳೆ, ರವಿಕೆ ಕಣ ಇಟ್ಟು, ಹಿಟ್ಟಿನ ದೀಪ ಹಚ್ಚಿ ಗಂಗಮ್ಮನಿಗೆ ಬಾಗಿನ ಬಿಡುತ್ತಿದ್ದರು. ಬಿಟ್ಟ ಮೇಲೆ ಮೆಟ್ಟಿಲು ಹತ್ತಿ ಬಂದುಬಿಡಬೇಕು. ಮೊರ ಹೊಳೆಯ ತಿರುವಿನಲ್ಲಿ ಮರೆಯಾದರೆ ಗಂಗಮ್ಮ ಮಡಿಲಿಗೆ ಹಾಕಿಕೊಂಡಳು ಎಂದು ಅರ್ಥ. ನನಗೆ ಎಂಟು ವರ್ಷವಿದ್ದಾಗ ರುದ್ರಮ್ಮ ಎಂಬವರ ಮೊರ ಸುಳಿಯಲ್ಲಿ ಸಿಕ್ಕಿ, ಗಿರ್ರನೆ ತಿರುಗಿ, ಮೆಟ್ಟಿಲಿಗೇ ಬಂದು ತಾಗಿತು. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಆ ಸಲ ರುದ್ರಮ್ಮನವರ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ. ಆಮೇಲೆ ನಾನು ಆ ಮೆಟ್ಟಿಲಿನ ಮೇಲೆ ಕಾಲಿಡದೆ ದಾಟಿಕೊಂಡು ನೀರಿಗೆ ಇಳಿಯುತ್ತಿದ್ದೆ.

ಇಷ್ಟು ಗೊತ್ತಿದ್ದರೆ ಸಾಕು. ಈಗ ದೋಣಿ.

ನನ್ನ ಮಗಳು ಸುಮಾ ಮದುವೆಯಾಗಿ ಹೇವರ್ಡಿಗೆ ಬಂದ ಮೇಲೆ ಎರಡು ಸಲ ಬಸುರಿಯಾಗಿ ಎರಡು ಸಲವೂ ಉಳಿಯಲಿಲ್ಲ. ಮೂರನೆಯ ಸಲ ಐದನೇ ತಿಂಗಳಿಗೆ ಬಿದ್ದಾಗ ನನ್ನನ್ನು ಕರೆಸಿಕೊಂಡರು. ನಾನು ಬಂದು ನೋಡುತ್ತೇನೆ, ಹುಡುಗಿ ಸೋಫಾದ ಮೂಲೆಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆ ನೋಡುತ್ತಾ ಕೂತಿರುತ್ತಾಳೆ. ಮಾತಾಡಿಸಿದರೆ ಉಸಿರು ಬಿಗಿಹಿಡಿದುಕೊಂಡೇ ಉತ್ತರ ಕೊಡುತ್ತಾಳೆ, ಜೋರಾಗಿ ಮಾತಾಡಿದರೆ ಒಳಗಿರುವುದು ಹೆದರಿ ಹೊರಟುಹೋದೀತು ಎನ್ನುವ ಹಾಗೆ. ಡಾಕ್ಟರು, ಎಲ್ಲಾ ಚೆನ್ನಾಗಿದೆ, ಓಡಾಡಿಕೊಂಡಿರಲಿ ಎಂದಿದ್ದರು. ಅಷ್ಟರಲ್ಲಿ ಅಳಿಯ ಮುರಳಿಯವರ ಆಫೀಸಿನವರೊಬ್ಬರು, ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಯ ವಾರಕ್ಕೆ ನಮ್ಮ ಹೌಸ್‌ಬೋಟು ಖಾಲಿ ಇದೆ, ಬೇಕಾದರೆ ತಗೊಂಡು ಹೋಗಿ ಎಂದರು.

"ಬಸುರಿ ಹೆಂಗಸನ್ನ ನೀರಿನ ಮೇಲೆ ಇಡ್ತೀರಾ?" ಎಂದೆ.

"ಅತ್ತೆ, ಅದು ಸಮುದ್ರ ಅಲ್ಲ, ನದಿ. ಮನೆ ಥರಾನೇ ಇರುತ್ತೆ. ದಿನಾ ಒಂದೊಂದು ಊರಿಗೆ ಹೋಗಿ ದಡಕ್ಕೆ ಕಟ್ಟೋದು, ಇಳಿದು ಸುತ್ತಾಡೋದು. ಏನಾದ್ರೂ ಆದ್ರೆ ಅರ್ಧ ಗಂಟೇಲಿ ಆಸ್ಪತ್ರೆ" ಎಂದರು ಮುರಳಿ. ಅವರು ಲೆಕ್ಕ ಹಾಕದೆ ಹಲ್ಲೂ ಉಜ್ಜುವವರಲ್ಲ.

ಸುಮಾ ಸೋಫಾದಿಂದಲೇ ಹೇಳಿದಳು: "ಹೋಗೋಣ ಅಮ್ಮ. ಈ ಗೋಡೆ ನನಗೆ ಸಾಕಾಗಿದೆ."

ನಾನು ಊರಿನಿಂದ ಬಳೆ ತೊಡಿಸುವ ಶಾಸ್ತ್ರಕ್ಕೆಂದು ತಂದಿದ್ದ ಮೊರವನ್ನು ಸೀರೆಗಳ ನಡುವೆ ಇಟ್ಟುಕೊಂಡೆ. ಕಾರ್ತಿಕ ಮಾಸ, ಹೊಳೆ, ಬಸುರಿ ಮಗಳು. ಇನ್ನೇನು ಬೇಕು?

ಆ ಹೌಸ್‌ಬೋಟು ಅಂದರೆ ತಗಡಿನ ತೆಪ್ಪದ ಮೇಲೆ ನಮ್ಮ ರೈಲಿನ ಒಂದು ಡಬ್ಬಿ ಕೂರಿಸಿದ ಹಾಗೆ. ಎರಡು ಒಲೆಯ ಅಡುಗೆಮನೆ, ಮಡಚುವ ಮಂಚ, ತಲೆ ತಗ್ಗಿಸಿ ಹೋಗುವ ಬಚ್ಚಲು. ಮೊದಲ ದಿನವೆಲ್ಲ ನಾನು ಮಕ್ಕಳ ಹಾಗೆ ಕುಣಿದೆ. ಸ್ಯಾಕ್ರಮೆಂಟೊ ನದಿಯ ಮೇಲೆ ಕೂತು ಅವರೆಕಾಳಿನ ಬದಲು ಬಟಾಣಿ ಹಾಕಿ ಉಪ್ಪಿಟ್ಟು ಮಾಡಿದವರು ಹರಿಹರದಲ್ಲಿ ಬೇರೆ ಯಾರಿದ್ದಾರೆ ಹೇಳಿ.

ಎರಡನೆಯ ದಿನ ಮಂಜು ಬಂತು.

ನಾನು ನೋಡಿದ ಮಂಜೆಲ್ಲ ಮೇಲಿನಿಂದ ಇಳಿಯುತ್ತಿತ್ತು. ಇದು ನೆಲದಿಂದ ಏಳುತ್ತಿತ್ತು. ಮೊದಲು ದಡದ ಜೊಂಡು ಹೋಯಿತು, ಆಮೇಲೆ ಮರಗಳ ಬುಡ ಹೋಗಿ ತುದಿ ಮಾತ್ರ ಉಳಿಯಿತು, ಆಮೇಲೆ ಅದೂ ಇಲ್ಲ. ಬಾಗಿಲು ತೆರೆದರೆ ಬಿಳಿ ಗೋಡೆ. ಕೈ ಚಾಚಿದರೆ ಬೆರಳು ಕಾಣುತ್ತಿರಲಿಲ್ಲ. ಮುರಳಿ ದಡಕ್ಕೆ ಕಟ್ಟಿ ಎಂಜಿನ್ ನಿಲ್ಲಿಸಿದರು. ಆಗ ಎಲ್ಲೋ ನಮ್ಮ ಪಾದದ ಕೆಳಗಿನಿಂದ ಒಂದು ನಾಯಿ ಬೊಗಳಿತು.

ಕೆಳಗಿನಿಂದಲೇ. ನಾನು ತಪ್ಪು ಹೇಳುತ್ತಿಲ್ಲ. ಆ ಸೀಮೆಯಲ್ಲಿ ಹೊಳೆ ಎತ್ತರದಲ್ಲಿದೆ, ನೆಲ ತಗ್ಗಿನಲ್ಲಿದೆ. ನಡುವೆ ಕೆರೆಯ ಏರಿಯಂಥ ಮಣ್ಣಿನ ಏರಿ. ಮಂಜು ಒಂದಿಷ್ಟು ಸರಿದಾಗ ನೋಡಿದರೆ, ನಾವು ನೀರಿನ ಮೇಲೆ, ಮನೆಗಳ ಹೆಂಚು ನಮ್ಮ ಕೆಳಗೆ. ಒಬ್ಬ ಹೆಂಗಸು ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಳು. ಅವಳ ಬೈತಲೆ ನನಗೆ ಮೇಲಿನಿಂದ ಕಾಣುತ್ತಿತ್ತು. ಪಕ್ಕದಲ್ಲೇ ಅಷ್ಟು ನೀರು ನಿಂತಿರುವುದು ಗೊತ್ತಿಲ್ಲದವಳ ಹಾಗೆ ಕ್ಲಿಪ್ಪು ಹಾಕುತ್ತಿದ್ದಳು. "ಏರಿ ಒಡೆದರೆ?" ಎಂದೆ. ಮುರಳಿ ಮಾರನೇ ದಿನ ಹಾಗೆ ಒಡೆದು ಮುಳುಗಿದ್ದ ಒಂದು ದ್ವೀಪದ ಮೇಲೆಯೇ ದೋಣಿ ನಡೆಸಿದರು. ಟೆಲಿಫೋನ್ ಕಂಬಗಳು ಸಾಲಾಗಿ ನೀರಿಗೆ ಇಳಿದು, ಕೊನೆಯದು ಕತ್ತಿನವರೆಗೆ ಮುಳುಗಿ ನಿಂತಿತ್ತು. ಒಂದು ಚಿಮಣಿ ನೀರಿನಿಂದ ಮೇಲೆದ್ದಿತ್ತು. ದೋಣಿಯ ತಳಕ್ಕೆ ಏನೋ ಸವರಿ ಹೋಯಿತು. ಹಣ್ಣಿನ ತೋಟದ ಕೊಂಬೆಗಳಂತೆ. ಸುಮಾ ಕಾಲು ಮೇಲೆತ್ತಿ ಮಂಚದ ಮೇಲೆ ಇಟ್ಟುಕೊಂಡಳು.

ಅಲ್ಲಿನ ಸೇತುವೆಗಳು ದೋಣಿ ಬಂದರೆ ಎದ್ದು ನಿಲ್ಲುತ್ತವೆ. ಒಂದು ಸಂಜೆ ಮಂಜಿನಲ್ಲಿ ಅನ್ನಕ್ಕಿಟ್ಟಿದ್ದೆ. ಕುಕ್ಕರ್ ಉದ್ದಕ್ಕೊಂದು ಸಲ ಕೂಗಿ, ಚಿಕ್ಕದಾಗಿ ಇನ್ನೊಂದು ಸಲ ಕೂಗಿತು. ಆ ಬಿಳುಪಿನೊಳಗಿನಿಂದ ಒಂದು ಕೊಂಬು ಹಾಗೆಯೇ ಉದ್ದಕ್ಕೊಮ್ಮೆ, ಗಿಡ್ಡಕ್ಕೊಮ್ಮೆ ಊದಿ ಉತ್ತರ ಕೊಟ್ಟಿತು. ಗಂಟೆ ಬಾರಿಸತೊಡಗಿತು. ಕಬ್ಬಿಣ ಕಿರುಗುಟ್ಟಿತು. ಮನುಷ್ಯರ ಸದ್ದಿಲ್ಲ.

"ಅತ್ತೆ, ಕುಕ್ಕರ್ ಇಳಿಸಿ! ದೋಣಿಯ ಸಿಳ್ಳೆ ಅಂದ್ಕೊಂಡು ಸೇತುವೆ ಎತ್ತಿಬಿಟ್ರು!" ಎಂದು ಮುರಳಿ ಓಡಿಬಂದರು.

ಸುಮಾ ಎಷ್ಟೋ ದಿನದ ಮೇಲೆ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಹೊಟ್ಟೆಗೆ ಎರಡೂ ಕೈ ಕೊಟ್ಟು ಹಿಡಿದುಕೊಂಡು ಸುಮ್ಮನಾದಳು. ಕೊಂಬು ಮತ್ತೊಮ್ಮೆ ಊದಿತು. ಯಾರೂ ದಾಟದಿದ್ದರೂ ಆ ಸೇತುವೆ ಬಹಳ ಹೊತ್ತು ಎದ್ದೇ ನಿಂತಿರಬೇಕು, ನಮಗೆ ಕಾಣಲಿಲ್ಲ.

ನಾಲ್ಕನೆಯ ದಿನ ಒಂದು ಕಿರುಹೊಳೆಯಲ್ಲಿ ದೋಣಿ ಕಟ್ಟಿ, ಹೊಳೆಯ ಹರಿವಿನಲ್ಲಿ ಸ್ವಲ್ಪ ಕೆಳಗಿದ್ದ ಊರಿಗೆ ಏರಿಯ ಮೇಲೆ ನಡೆದು ಹೋದೆವು. ಹಿಂದೆ ತೋಟದ ಕೆಲಸಕ್ಕೆ ಬಂದ ಚೀನಾದವರು ಕಟ್ಟಿಕೊಂಡ ಊರು. ಒಂದೇ ಬೀದಿ, ಎರಡೂ ಕಡೆ ಬಣ್ಣ ಹೋದ ಮರದ ಮನೆಗಳು ಒಂದಕ್ಕೊಂದು ಭುಜ ಕೊಟ್ಟು ವಾಲಿಕೊಂಡಿದ್ದವು. ಮಹಡಿಯ ಮೊಗಸಾಲೆಗಳು ಬೀದಿಯ ಮೇಲೆ ಬಗ್ಗಿದ್ದವು. ಅಂಗಡಿಯ ಹಲಗೆಯ ಮೇಲೆ ಅವರ ಅಕ್ಷರ, ಒಳಗೆ ಧೂಳು. ನಮ್ಮ ಚಪ್ಪಲಿಯ ಸದ್ದು ನಮಗಿಂತ ಮುಂದೆ ಹೋಗಿ ಬೀದಿಯ ಕೊನೆಯಲ್ಲಿ ನಿಂತು ಕಾಯುತ್ತಿದ್ದಂತಿತ್ತು.

ಕೊನೆಯ ಮನೆಯ ಹಿಂದೆ ಒಂದು ಮರ. ಎಲೆ ಒಂದೂ ಇಲ್ಲ. ಬೋಳು ಕೊಂಬೆಗಳ ತುಂಬ ಕೆಂಡದಂಥ ಕೇಸರಿ ಹಣ್ಣು ಮಂಜಿನಲ್ಲಿ ಉರಿಯುತ್ತಿದ್ದವು. ಹಿಂದಿನ ಹೊಳೆ, ದಡ ಏನೂ ಕಾಣದೆ ಹಣ್ಣುಗಳು ಮಾತ್ರ ಗಾಳಿಯಲ್ಲಿ ನಿಂತ ಹಾಗಿತ್ತು. "ಪರ್ಸಿಮನ್" ಎಂದರು ಮುರಳಿ. ನನಗೆ ಟೊಮೆಟೊಗೆ ದೆವ್ವ ಹಿಡಿದ ಹಾಗೆ ಕಂಡಿತು.

ಆ ಮನೆಯ ಕಿಟಕಿಯ ಗಾಜಿನ ಹಿಂದೆ ಒಂದು ಮುಖವಿತ್ತು. ಮುದುಕಿ. ಮೊದಲು ಕ್ಯಾಲೆಂಡರಿನ ಚಿತ್ರವೆಂದುಕೊಂಡೆ, ಅಷ್ಟು ಅಲುಗಾಡದೆ ಇದ್ದಳು. ಅವಳ ಕಣ್ಣು ನನ್ನ ಮೇಲಿರಲಿಲ್ಲ, ಮುರಳಿಯವರ ಮೇಲೂ ಇರಲಿಲ್ಲ. ಸುಮಾಳ ಹೊಟ್ಟೆಯ ಮೇಲಿತ್ತು. ನಾನು ಸರ್ರನೆ ಸುಮಾಳ ಮುಂದೆ ಬಂದು ಸೆರಗು ಹರಡಿ ನಿಂತೆ. ದೃಷ್ಟಿಗೆ ಭಾಷೆ ಬೇಕೆ?

ಅದಕ್ಕೇ ಆ ಸಂಜೆಯೇ ಬಾಗಿನ ಬಿಡಬೇಕೆಂದು ಹಟ ಹಿಡಿದೆ.

"ಅತ್ತೆ, ಶೆರಿಫ್ ಬಂದು ನೀರಿಗೆ ಏನು ಹಾಕಿದ್ರಿ ಅಂತ ಕೇಳಿದ್ರೆ ಏನು ಹೇಳ್ಲಿ?"

"ತವರಿಂದ ಗಂಗಮ್ಮಂಗೆ ಅರಿಶಿನ ಕುಂಕುಮ ಕಳ್ಸಿದಾರೆ ಅಂತ ಹೇಳಿ."

ಮುರಳಿ ಎಂಜಿನ್ ಒರೆಸಲು ಹೋದರು. ಸುಮಾ ಇಂಥದ್ದಕ್ಕೆಲ್ಲ ಮೂಗು ಮುರಿಯುವವಳು. ಆ ದಿನ ನನ್ನ ಪಕ್ಕ ಕೂತು, ಮೊರ ಸೋರಬಾರದೆಂದು ಅದರ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿಕೊಟ್ಟಳು. ಹಿಟ್ಟಿನ ದೀಪಕ್ಕೆ ತುಪ್ಪ ಹಾಕಿದಳು. "ರುದ್ರಮ್ಮನ ಕಥೆ ಇನ್ನೊಂದ್ಸಲ ಹೇಳು" ಎಂದಳು. ಬೇಡ ಎಂದೆ. ಅವಳಿಗೆ ಚಿಕ್ಕಂದಿನಿಂದ ಗೊತ್ತಿದ್ದ ಕಥೆ. ನಾನು ಹೇಳದಿದ್ದರೂ ಅವಳೊಳಗೆ ನಡೆಯುತ್ತಿತ್ತು.

ಇಬ್ಬರೂ ಸೇರಿ ಮೊರವನ್ನು ನೀರಿಗಿಟ್ಟೆವು. ಅದು ಒಂದು ಕ್ಷಣ ದೋಣಿಗೆ ಒರಗಿ ನಿಂತು, ಆಮೇಲೆ ಯಾರೋ ಕೈಹಿಡಿದು ಕರೆದ ಹಾಗೆ ಕೆಳಕ್ಕೆ ಹೊರಟಿತು. ಮಂಜು ಅದನ್ನು ನುಂಗಿತು. ದೀಪದ ಬೆಳಕು ಮಾತ್ರ ಅರಿಶಿನದ ಬೊಟ್ಟಿನಂತೆ ಬಹಳ ದೂರ ಕಂಡು, ಇಲ್ಲವಾಯಿತು. "ಹೋಯ್ತು" ಎಂದಳು ಸುಮಾ. ಆ ರಾತ್ರಿ ಅವಳು ಗೊರಕೆ ಹೊಡೆದು ಮಲಗಿದಳು.

ಬೆಳಕು ಹರಿಯುವ ಹೊತ್ತಿಗೆ ನನಗೆ ಎಚ್ಚರವಾಯಿತು. ಟೊಕ್. ಸ್ವಲ್ಪ ತಡೆದು, ಟೊಕ್. ಯಾರೋ ಹೊರಗಿನಿಂದ, ನೀರಿನ ಮಟ್ಟದಲ್ಲಿ, ಮಡಚಿದ ಬೆರಳಿನಿಂದ ದೋಣಿಯ ಮೈ ತಟ್ಟುತ್ತಿದ್ದರು. ನೀರಿನ ಮೇಲೆ ಯಾರು ನಿಲ್ಲುತ್ತಾರೆ? ಬಾಗಿಲು ತೆಗೆದು ಬಗ್ಗಿ ನೋಡಿದೆ.

ಫಾಯಿಲಿನ ಹೊಳಪು ಮೊದಲು ಕಂಡಿತು.

ನಮ್ಮ ಮೊರ. ನಿನ್ನೆ ಸಂಜೆ ನಾವು ಕೈಬಿಟ್ಟ ಜಾಗದಲ್ಲೇ, ದೋಣಿಗೆ ಒರಗಿ, ಅಲೆಗೊಮ್ಮೆ ತಟ್ಟುತ್ತಾ ನಿಂತಿತ್ತು. ಹೊಳೆಯ ಕೆಳಕ್ಕೆ ಹೋದದ್ದು ಹೊಳೆಯ ಮೇಲಕ್ಕೆ ಬಂದಿತ್ತು. ಅರವತ್ತು ವರ್ಷ ಹೊಳೆ ನೋಡಿದವಳು ನಾನು. ಹೊಳೆ ಹತ್ತಿ ಬಂದದ್ದನ್ನು ಕಂಡಿರಲಿಲ್ಲ. ರುದ್ರಮ್ಮನ ಮೊರವಾದರೂ ಸುಳಿಗೆ ಸಿಕ್ಕಿತ್ತು. ಇದು ಹೋಗಿ, ಮಂಜಿನಲ್ಲಿ ನಮ್ಮನ್ನು ಹುಡುಕಿಕೊಂಡು ಬಂದಿತ್ತು. ನನ್ನ ಸೆರಗು ತಾನಾಗಿ ಬಾಯಿಗೆ ಹೋಯಿತು.

"ಅಮ್ಮ, ಏನದು?"

ಹಿಂದೆ ಸುಮಾ ನಿಂತಿದ್ದಳು. ಅಡ್ಡ ನಿಲ್ಲಲು ಹೋದೆ, ಆ ಬಾಗಿಲಿನಲ್ಲಿ ಜಾಗವೆಲ್ಲಿ? ಅವಳು ನೋಡಿದಳು. ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

"ಬೇಡ ಅಂದ್ಳಾ ಅಮ್ಮ?"

ಏನಾದರೂ ಮಾಡಬೇಕಲ್ಲ ಎಂದು ಮೊರವನ್ನು ಎತ್ತಿಕೊಂಡೆ. ಭಾರವಿತ್ತು. ಬಳೆ ಇರಲಿಲ್ಲ. ಕಣವಿಲ್ಲ, ದೀಪವಿಲ್ಲ. ಅವುಗಳ ಜಾಗದಲ್ಲಿ ಒಂದು ಕೆಂಪು ಕಾಗದ ಹಾಸಿ, ಅದರ ಮೇಲೆ ಎರಡು ಕೇಸರಿ ಹಣ್ಣು ಇಟ್ಟಿತ್ತು. ಮಂಜಿನ ಹನಿ ಕೂತು ತಣ್ಣಗೆ ಹೊಳೆಯುತ್ತಿದ್ದವು.

ಮುರಳಿ ಎದ್ದು ಬಂದು, ನಮ್ಮಿಬ್ಬರ ಮುಖ ನೋಡಿ, ಒಂದು ಪುಸ್ತಕ ತಂದು ಬಿಡಿಸಿದರು. "ಅತ್ತೆ, ಸುಮಾ, ಇಲ್ಲಿ ಕೇಳಿ. ಇದು ಟೈಡು. ಸಮುದ್ರ ಉಬ್ಬಿದಾಗ ಇಲ್ಲೀತನಕ ನೀರು ತಳ್ಳುತ್ತೆ. ಈ ಹೊಳೆ ದಿನಕ್ಕೆರಡು ಸಲ ಹಿಂದಕ್ಕೆ ಹರಿಯುತ್ತೆ. ಬಾಗಿನ ಬಿಡೋ ಮುಂಚೆ ನಾನೇ ಹೇಳ್ಬೇಕಿತ್ತು, ನನಗೆ ಹೊಳೀಲಿಲ್ಲ." ಒಂದು ಕ್ಷಣ ಅವರ ಮೇಲೆ ದೇವರಿಗಿಂತ ಹೆಚ್ಚು ಭಕ್ತಿ ಬಂತು. ಆಮೇಲೆ ಅವರ ಕಣ್ಣು ಮೊರದ ಒಳಕ್ಕೆ ಬಿತ್ತು. ಪುಸ್ತಕ ಮುಚ್ಚಿದರು.

"ಹಣ್ಣು?" ಎಂದಳು ಸುಮಾ.

"ಹಣ್ಣು ಟೈಡಲ್ಲ" ಎಂದರು ಮುರಳಿ, ಮೆತ್ತಗೆ.

ಬೆಳಕು ಬಂದ ಮೇಲೆ ಏರಿಯ ಮೇಲೆ ಮತ್ತೆ ಆ ಊರಿಗೆ ನಡೆದೆವು. ಸುಮಾ ದೋಣಿಯಲ್ಲೇ ಇರಲಿ ಎಂದರೆ ಕೇಳಲಿಲ್ಲ. "ಆ ಮುದುಕಿ ಏನಂತಾಳೋ ನನ್ನ ಮುಂದೇನೇ ಅನ್ಲಿ" ಎಂದಳು. ಮೊರವನ್ನು ಅವಳೇ ಎದೆಗವಚಿಕೊಂಡಿದ್ದಳು. ಬೀದಿಯಲ್ಲಿ ನಿನ್ನೆಯಂತೆ ಯಾರೂ ಇರಲಿಲ್ಲ. ಕೊನೆಯ ಮನೆಯ ಕಿಟಕಿಯಲ್ಲಿ ಮುಖವೂ ಇರಲಿಲ್ಲ. ಮುಖವಿದ್ದ ಜಾಗದಲ್ಲಿ, ಗಾಜಿನ ಹಿಂದೆ, ನಮ್ಮ ಹಿಟ್ಟಿನ ದೀಪ ಉರಿಯುತ್ತಿತ್ತು. ಪಕ್ಕದಲ್ಲಿ ಅವರ ಊದುಬತ್ತಿ ಹೊಗೆಯಾಡುತ್ತಿತ್ತು.

ಬಾಗಿಲು ತೆರೆಯಿತು. ಕತ್ತಲೆಯಿಂದ ಮೊದಲು ಒಂದು ಕೈ ಬಂತು, ಒಣಗಿದ ಕಡ್ಡಿಯಂಥ ಕೈ. ಅದರ ತುಂಬ ನಮ್ಮ ಹರಿಹರದ ಹಸಿರು ಬಳೆ.

ಮುದುಕಿ ಆ ಕೈಯನ್ನು ಕಿವಿಯವರೆಗೂ ಎತ್ತಿ, ಬಳೆ ಮೊಣಕೈಗೆ ಜಾರುವ ಹಾಗೆ, ಘಲ್ ಘಲ್ ಎಂದು ಕುಣಿಸಿದಳು. ನಮ್ಮ ರವಿಕೆ ಕಣವನ್ನು ತಲೆಗೆ ಕಟ್ಟಿಕೊಂಡಿದ್ದಳು. ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಸುಮಾಳ ಕೈಯಲ್ಲಿದ್ದ ಮೊರ ತೋರಿಸಿದಳು, ಹೊಳೆ ತೋರಿಸಿದಳು, ನೀರು ಹಿಂದಕ್ಕೆ ಬರುವುದನ್ನು ಅಂಗೈ ಹಿಂದೆ ಮುಂದೆ ಆಡಿಸಿ ತೋರಿಸಿದಳು. ಮರ ತೋರಿಸಿದಳು. ಕೊನೆಗೆ ಬೆರಳ ಹಿಂಬದಿಯಿಂದ, ಬಿಸಿ ಇದೆಯೋ ಎಂದು ನೋಡುವ ಹಾಗೆ, ಸುಮಾಳ ಹೊಟ್ಟೆ ಮುಟ್ಟಿದಳು. ಈ ಸಲ ನಾನು ಸೆರಗು ಅಡ್ಡ ಹಿಡಿಯಲಿಲ್ಲ.

ಅವಳು ಅವಳ ಭಾಷೆಯಲ್ಲಿ ಏನೋ ಕೇಳಿದಳು.

"ಐದು ತುಂಬ್ತಾ ಇದೆ ಕಣಮ್ಮ" ಎಂದೆ. "ಇದು ಮೂರನೇದು. ಮೊದಲಿನ ಎರಡು ದಕ್ಕಲಿಲ್ಲ."

ಅವಳು ನಿಟ್ಟುಸಿರು ಬಿಟ್ಟು ತಲೆಯಾಡಿಸಿ, ಉದ್ದಕ್ಕೆ ಏನೋ ಹೇಳಿದಳು. ಅದು ಅವಳದೇ ಹೆರಿಗೆಯ ಕಥೆಯೆಂದು ನನಗನ್ನಿಸಿತು. ಹೌದೌದು ಎಂದೆ.

ಅಲ್ಲಿ ನಿಂತಾಗಲೇ ನನಗೆ ನಮ್ಮಮ್ಮನ ಸಕ್ಕರೆಯ ಬಟ್ಟಲು ನೆನಪಾದದ್ದು. ಇಷ್ಟು ಹೊತ್ತು ನಾನು ಹೆದರಿದ್ದು ಯಾವುದಕ್ಕೆ? ಬಾಗಿನ ಮುಟ್ಟಿತ್ತು. ತೆಗೆದುಕೊಂಡವಳು ತಾನೇ ತೊಟ್ಟುಕೊಂಡು, ಉಟ್ಟುಕೊಂಡು, ದೀಪವನ್ನು ತನ್ನ ದೇವರ ಮುಂದಿಟ್ಟು, ಮನೆಗೆ ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದೆಂದು ಮರದಿಂದ ಹಣ್ಣು ಕಿತ್ತಿಟ್ಟು, ಹೊಳೆ ಹಿಂದಕ್ಕೆ ಹೊರಳುವ ಹೊತ್ತಿಗೆ ನೀರಿಗೆ ಬಿಟ್ಟಿದ್ದಳು. ಸುಮಾಗೆ ಹೇಳಿದೆ. ಅವಳು ಮೊರದಿಂದ ಒಂದು ಹಣ್ಣು ತೆಗೆದು ಅಲ್ಲೇ ಕಚ್ಚಿದಳು. ರಸ ಗಲ್ಲದ ಮೇಲೆ ಇಳಿಯಿತು. ಅಳುತ್ತಾ ತಿಂದಳು, ನಗುತ್ತಾ ತಿಂದಳು, ತೊಟ್ಟು ಮಾತ್ರ ಉಳಿಸಿದಳು.

ಒಂದು ಮಾತು ಮಾತ್ರ ಇವತ್ತಿಗೂ ಬಗೆಹರಿದಿಲ್ಲ. ಆ ಮಂಜಿನಲ್ಲಿ, ಅಷ್ಟು ಉದ್ದದ ಹೊಳೆಯಲ್ಲಿ, ಅಷ್ಟು ಜೊಂಡಿನ ನಡುವೆ ಮೊರ ನಮ್ಮ ದೋಣಿಗೇ ಹೇಗೆ ಬಂದು ತಟ್ಟಿತು? ಮುರಳಿ ಕಾಗದದ ಮೇಲೆ ಬಾಣದ ಗುರುತು ಹಾಕಿ ಒಂದು ಸಂಜೆಯೆಲ್ಲ ಲೆಕ್ಕ ಮಾಡಿದರು. ಆಮೇಲೆ ಕಾಗದ ಮಡಚಿ ಜೇಬಿಗಿಟ್ಟು ಕಾಫಿ ಕೇಳಿದರು.

ಏಪ್ರಿಲಿನಲ್ಲಿ ನಮ್ಮ ಮಹಾರಾಣಿ ಹುಟ್ಟಿದಳು. ಆಸ್ಪತ್ರೆಯ ನರ್ಸು ಕಿವಿ ಮುಚ್ಚಿಕೊಳ್ಳುವಷ್ಟು ಅತ್ತಳು. ಅದಕ್ಕಿಂತ ಜೋರಾಗಿ ಅತ್ತದ್ದು ನಾನು.

ಅದೇ ವರ್ಷ ನವೆಂಬರಿನಲ್ಲಿ ಅವಳನ್ನು ತೋರಿಸಿಕೊಂಡು ಬರೋಣವೆಂದು, ಹೊಸ ಬಳೆ, ಕೊಬ್ಬರಿ ಮಿಠಾಯಿ ತೆಗೆದುಕೊಂಡು ಕಾರಿನಲ್ಲಿ ಆ ಊರಿಗೆ ಹೋದೆವು. ಬಾಗಿಲಿಗೆ ಹಲಗೆ ಹೊಡೆದಿತ್ತು. ಮರದ ತುಂಬ ಹಣ್ಣು, ಕೀಳುವವರಿಲ್ಲ. ಬೀದಿಯಲ್ಲಿ ಕೇಳೋಣವೆಂದರೆ ಯಾರೂ ಸಿಗಲಿಲ್ಲ. ಕಿಟಕಿಯ ಗಾಜಿನ ಹಿಂದೆ ನಮ್ಮ ಹಿಟ್ಟಿನ ದೀಪ ಕಲ್ಲಾಗಿ ಕೂತಿತ್ತು. ಮಿಠಾಯಿಯ ಡಬ್ಬಿಯನ್ನೂ ಬಳೆಯನ್ನೂ ಹೊಸ್ತಿಲ ಮೇಲಿಟ್ಟು ಬಂದೆವು. ಮಗು ಕಾರಿನಲ್ಲಿ ನಿದ್ದೆ ಮಾಡುತ್ತಿತ್ತು. ಆ ಮನೆಯನ್ನೂ ನೋಡಲಿಲ್ಲ, ಆ ಮುದುಕಿಯನ್ನಂತೂ ಕಂಡೇ ಇಲ್ಲ.

ಇದನ್ನೆಲ್ಲ ಇವತ್ತು ಯಾಕೆ ಹೇಳಿದೆನೆಂದರೆ, ಬೆಳಿಗ್ಗೆ ಮೂರು ವರ್ಷದ ಈ ಪೋರಿ ಮೊರದಿಂದ ಇಳಿದು, ಊಟದ ಮೇಜಿನ ಮೇಲಿದ್ದ ಎರಡು ಕಿತ್ತಳೆ ತಂದು ಅದರೊಳಗಿಟ್ಟು, ಕಾರ್ಪೆಟ್ಟಿನ ಮೇಲೆ ಮೆಲ್ಲಗೆ ನನ್ನ ಕಡೆ ತಳ್ಳಿದಳು. ಮೊರ ಬಂದು ನನ್ನ ಕಾಲಿಗೆ ಟೊಕ್ ಎಂದು ತಾಗಿತು. ಅವಳು ಅಲ್ಲೇ ಕೂತು ಕಾಯುತ್ತಿದ್ದಳು.

ನಾನು ಹಣ್ಣು ತೆಗೆದುಕೊಂಡೆ. ಖಾಲಿ ಮೊರ ವಾಪಸು ತಳ್ಳಲು ಕೈ ಬರಲಿಲ್ಲ. ಕೈಯಿಂದ ಒಂದು ಹಸಿರು ಬಳೆ ಬಿಚ್ಚಿ ಇಟ್ಟು ತಳ್ಳಿದೆ.

ಅವಳು ಬಳೆ ತೊಟ್ಟುಕೊಂಡಳು. ಆಮೇಲೆ, ಯಾರೂ ಹೇಳಿಕೊಡದೆ, ಪುಟ್ಟ ಕೈಯನ್ನು ಕಿವಿಯವರೆಗೂ ಎತ್ತಿ, ಬಳೆ ಮೊಣಕೈಗೆ ಜಾರುವ ಹಾಗೆ ಕುಣಿಸಿ, ಬಾಯಿ ತೆರೆದು ನಕ್ಕಳು.